ವಾಷಿಂಗ್ಟನ್ ಕೌಂಟಿಯ 40 ಎಕರೆಗೆ ಶೇಲ್ ಗ್ಯಾಸ್ ಲೀಸ್: ಸಹಿ ಹಾಕುವ ಮೊದಲು ಏನು ನೋಡಬೇಕು?

ತೋಟದಮನೆ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯಲ್ಲಿ ನಾವು 1998ರಲ್ಲಿ 40 ಎಕರೆ ಜಮೀನು ಕೊಂಡೆವು. ಅರ್ಧಕ್ಕಿಂತ ಹೆಚ್ಚು ಹುಲ್ಲುಗಾವಲು, ಉಳಿದದ್ದು ಓಕ್ ಮರಗಳ ಕಾಡು. ಇಳಿಜಾರಿನ ತಳದಲ್ಲಿ ಒಂದು ಒರತೆ ಇದೆ. ಇಪ್ಪತ್ತೈದು ವರ್ಷಗಳಿಂದ ಮನೆಗೆ ಅದರದೇ ನೀರು. ನೆಲದಾಳದ ಮಾರ್ಸೆಲಸ್ ಎಂಬ ಶೇಲ್ (ಜೇಡಿಕಲ್ಲು) ಪದರದಿಂದ ಅನಿಲ ತೆಗೆಯಬಹುದೆಂದು 2004ರಲ್ಲಿ ತೋರಿಸಿಕೊಟ್ಟ ಬಾವಿ ನಮ್ಮ ಕೌಂಟಿಯಲ್ಲೇ ಇದ್ದರೂ, ನಮ್ಮ ಗುಡ್ಡದ ಕಡೆಗೆ ಇಷ್ಟು ವರ್ಷ ಯಾರೂ ಬಂದಿರಲಿಲ್ಲ.

ಹೋದ ವಾರ ಒಂದು ಕಂಪನಿಯ ಪರವಾಗಿ ಲೀಸ್ ಮಾಡಿಸುವ ಲ್ಯಾಂಡ್‌ಮನ್ ಒಬ್ಬರು ಬಂದು, ಬಹಳ ಮರ್ಯಾದೆಯಿಂದ ಮಾತನಾಡಿ, 14 ಪುಟಗಳ ಲೀಸ್ ಪತ್ರವನ್ನು ಕೊಟ್ಟು ಹೋದರು. ಎಕರೆಗೆ 1,800 ಡಾಲರ್ ಮುಂಗಡ ಬೋನಸ್, ಶೇಕಡಾ 18 ರಾಯಲ್ಟಿ (ಅನಿಲದ ಹಣದಲ್ಲಿ ಮಾಲೀಕನ ಪಾಲು), ಅವಧಿ 5 ವರ್ಷ, ಕಂಪನಿಗೆ ಬೇಕೆನಿಸಿದರೆ ಇನ್ನೂ 5 ವರ್ಷ. ತಿಂಗಳ ಕೊನೆಯೊಳಗೆ ಸಹಿ ಮಾಡದಿದ್ದರೆ ಬೋನಸ್ ಕಡಿಮೆಯಾಗಬಹುದು ಎಂದೂ ಹೇಳಿದರು. ಕಾನೂನಿನಲ್ಲಿ ರಾಯಲ್ಟಿಯ ಕನಿಷ್ಠ ಮಟ್ಟ ಶೇಕಡಾ 12.5 ಎಂದು ಓದಿದ್ದೇನೆ. ಆ ಲೆಕ್ಕದಲ್ಲಿ 18 ಒಳ್ಳೆಯದೇ ಎನಿಸುತ್ತದೆ. ನನ್ನ ಪತ್ನಿಗೆ ಇರುವುದು ಒಂದೇ ಚಿಂತೆ, ಒರತೆಯದು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಹ್ಯೂಸ್ಟನ್ ಕನ್ನಡಿಗ

ತೋಟದಮನೆ ಅವರೇ, ನಾನು ಹನ್ನೊಂದು ವರ್ಷ ಒಂದು ಅನಿಲ ಕಂಪನಿಯ ರಾಯಲ್ಟಿ ಲೆಕ್ಕ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಆ ಕಡೆಯಿಂದ ನೋಡಿದವನಾಗಿ ಮೊದಲು ಒಂದು ಮಾತು: ಶೇಕಡಾ 18 ಎಂಬ ಸಂಖ್ಯೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಆ 18 ಯಾವುದರ ಮೇಲೆ ಎಂಬುದು ನಿಮ್ಮ 14 ಪುಟಗಳಲ್ಲಿ ಎಲ್ಲಿದೆ ಎಂದು ಹುಡುಕಿ. ಬಾವಿಯ ಬಾಯಲ್ಲಿ ಅನಿಲಕ್ಕೆ ಇರುವ ಬೆಲೆಯ ಮೇಲೋ, ಅಥವಾ ಅದು ದೊಡ್ಡ ಕೊಳವೆಮಾರ್ಗವನ್ನು ಸೇರಿ ಮಾರಾಟವಾದಾಗ ಕಂಪನಿಗೆ ಬಂದ ಪೂರ್ತಿ ಬೆಲೆಯ ಮೇಲೋ? ಬಾವಿಯ ಬಾಯಲ್ಲಿ ಅನಿಲವನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಮಾರಾಟದ ಬೆಲೆಯಿಂದ ಹಿಂದಕ್ಕೆ ಬರುತ್ತಾ ಅನಿಲ ಸಂಗ್ರಹಣೆ, ನೀರಿನಂಶ ತೆಗೆಯುವುದು, ಒತ್ತಡ ಏರಿಸುವುದು, ಸಾಗಣೆ ಎಂದು ಒಂದೊಂದೇ ಖರ್ಚನ್ನು ಕಳೆದು, ಉಳಿದದ್ದನ್ನೇ ಬಾವಿಬಾಯಿಯ ಬೆಲೆ ಎಂದು ಕರೆಯುತ್ತಾರೆ.

ನೀವು ಓದಿರುವ ಕನಿಷ್ಠ ಎಂಟನೇ ಒಂದು ಪಾಲಿನ ನಿಯಮ 1979ರ ಪೆನ್ಸಿಲ್ವೇನಿಯಾ ಕಾಯ್ದೆಯದು. ಆದರೆ ರಾಯಲ್ಟಿ ಎಂದರೇನು ಎಂಬ ವ್ಯಾಖ್ಯೆಯನ್ನು ಆ ಕಾಯ್ದೆ ಕೊಟ್ಟಿಲ್ಲ. 2010ರಲ್ಲಿ ಕಿಲ್ಮರ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಖರ್ಚು ಕಳೆದ ಮೇಲೆ ಎಂಟನೇ ಒಂದು ಪಾಲು ಕೊಟ್ಟರೂ ಕಾಯ್ದೆಯ ಉಲ್ಲಂಘನೆಯಾಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ಅಂದಿನಿಂದ ಈ ರಾಜ್ಯದಲ್ಲಿ ಮಾಲೀಕನನ್ನು ಕಾಯುವುದು ಕಾಯ್ದೆಯಲ್ಲ, ಅವನ ಲೀಸ್ ಪತ್ರದಲ್ಲಿರುವ ವಾಕ್ಯ.

ಲೆಕ್ಕ ಹಾಕಿ ನೋಡೋಣ. ನಿಮ್ಮ 40 ಎಕರೆ 640 ಎಕರೆಯ ಒಂದು ಯೂನಿಟ್‌ಗೆ ಸೇರಿತು ಎಂದುಕೊಳ್ಳಿ (ಯೂನಿಟ್ ಎಂದರೆ ಒಟ್ಟಿಗೆ ಅನಿಲ ತೆಗೆಯಲು ಕೂಡಿಸಿದ ಹಲವರ ಜಮೀನು). ನಿಮ್ಮ ಪಾಲು ಹದಿನಾರನೇ ಒಂದು. ಆ ಯೂನಿಟ್‌ನಿಂದ ಒಂದು ತಿಂಗಳಲ್ಲಿ 5 ಲಕ್ಷ ಸಾವಿರ-ಘನ-ಅಡಿ ಅನಿಲ (ಸಾವಿರ ಘನ ಅಡಿಯೇ ಇಲ್ಲಿನ ಅಳತೆ) ತಲಾ 2.50 ಡಾಲರ್‌ಗೆ ಮಾರಾಟವಾಯಿತು, ಅದರಲ್ಲಿ 1 ಡಾಲರ್ ಖರ್ಚೆಂದು ಕಳೆದರು ಎನ್ನೋಣ. ಕಡಿತದ ನಂತರದ ಶೇಕಡಾ 18ರಲ್ಲಿ ನಿಮಗೆ ಸಿಗುವುದು 8,437 ಡಾಲರ್. ಕಡಿತವೇ ಇಲ್ಲದ ಶೇಕಡಾ 15ರಲ್ಲಿ 11,718 ಡಾಲರ್. ಕಡಿತವಿಲ್ಲದ ಬರೀ ಶೇಕಡಾ 12.5ರಲ್ಲೂ 9,765 ಡಾಲರ್. ಬೆಲೆ 1.50ಕ್ಕೆ ಇಳಿದರೆ ಖರ್ಚು ಇಳಿಯುವುದಿಲ್ಲ. ಆಗ ನಿಮ್ಮ 18 ಉಳಿದ ಐವತ್ತು ಸೆಂಟಿನ ಮೇಲೆ ಮಾತ್ರ. ಅಂಥ ಬೆಲೆ ಊಹೆಯದೂ ಅಲ್ಲ. ಅಮೆರಿಕದ ಅನಿಲ ಬೆಲೆಗೆ ಮಾನದಂಡವಾದ ಹೆನ್ರಿ ಹಬ್‌ನಲ್ಲಿ 2008ರ ಬೇಸಿಗೆಯಲ್ಲಿ 12 ಡಾಲರ್ ದಾಟಿದ್ದ ಅನಿಲ 2012ರ ಏಪ್ರಿಲ್‌ನಲ್ಲಿ 2 ಡಾಲರ್‌ಗಿಂತ ಕೆಳಗಿತ್ತು, 2024ರ ಮಾರ್ಚ್‌ನಲ್ಲೂ ಹಾಗೆಯೇ ಇತ್ತು.

ಹಟ್ಟಿ

ಹ್ಯೂಸ್ಟನ್‌ನವರು ಹೇಳಿದ ಲೆಕ್ಕವನ್ನು ನಾನು ಚೆಕ್ಕಿನಲ್ಲೇ ಕಂಡಿದ್ದೇನೆ. ನಾನು ಹಾಸನದ ಕಡೆಯವಳು, ಪಶುವೈದ್ಯೆ. ಮದುವೆಯಾಗಿ ಬಂದದ್ದು ಬ್ರಾಡ್‌ಫರ್ಡ್ ಕೌಂಟಿಯ ಒಂದು ಡೈರಿ ಮನೆಗೆ. ನಮ್ಮ ಅತ್ತೆ, ಮಾವ 2008ರಲ್ಲಿ ಅಡುಗೆಮನೆಯ ಮೇಜಿನ ಮೇಲೆ ಸಹಿ ಹಾಕಿದರು. ಅದಕ್ಕೂ ಎರಡು ಮೂರು ವರ್ಷ ಹಿಂದೆ ಆಚೆ ಬೀದಿಯವರು ಎಕರೆಗೆ ಇಪ್ಪತ್ತೈದೇ ಡಾಲರ್‌ಗೆ ಕೊಟ್ಟುಬಿಟ್ಟಿದ್ದರು. ನಮಗೆ ಸಾವಿರಗಳ ಲೆಕ್ಕದಲ್ಲಿ ಬಂದಾಗ ಮಾವನವರಿಗೆ ಇನ್ನೇನೂ ಕಾಣಲಿಲ್ಲ. ಹಾಲು ಮಾರಿ ಬದುಕುವ ಕಷ್ಟ ಬಲ್ಲವರು ಅವರನ್ನು ತಪ್ಪೆನ್ನಲಾರರು. ಬೋನಸ್ ಹಣದಲ್ಲಿ ಬ್ಯಾಂಕಿನ ಸಾಲ ತೀರಿತು, ಕೊಟ್ಟಿಗೆಗೆ ಹೊಸ ಮಾಡು ಬಂತು.

ಮೊದಲ ಎರಡು ವರ್ಷ ರಾಯಲ್ಟಿ ಚೆನ್ನಾಗಿಯೇ ಬಂತು. ಆಮೇಲೆ ಚೆಕ್ಕಿನ ಜೊತೆಗೆ ಬರುವ ಚೀಟಿಯಲ್ಲಿ ಹೊಸದೊಂದು ಅಂಕಣ ಕಾಣಿಸಿಕೊಂಡಿತು. ಪ್ರತಿ ಸಾಲಿನಲ್ಲೂ ಎಡಗಡೆ ಅನಿಲದ ಬೆಲೆ, ಬಲಗಡೆ ಆವರಣದೊಳಗೆ ಕಳೆಯುವ ಮೊತ್ತ. ಅತ್ತೆಯವರು ಒಂದು ಸ್ಕೇಲನ್ನು ಸಾಲಿನ ಕೆಳಗೆ ಹಿಡಿದು, ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಒಂದೊಂದನ್ನೇ ಕೂಡುತ್ತಿದ್ದರು. ಒಂದು ತಿಂಗಳು 900 ಡಾಲರ್‌ಗಿಂತ ಹೆಚ್ಚು ಮೌಲ್ಯದ ಅನಿಲಕ್ಕೆ ನಮ್ಮ ಕೈಗೆ ಬಂದದ್ದು 61 ಡಾಲರ್. ಕಂಪನಿಗೆ ಫೋನ್ ಮಾಡಿದರೆ ಲೀಸ್‌ನ ಪ್ಯಾರಾ ಸಂಖ್ಯೆಯನ್ನು ಓದಿ ಹೇಳಿದರು, ಅಷ್ಟೆ. ಅವರು ಓದಿದ್ದು ನಿಜವೂ ಆಗಿತ್ತು. ನಮ್ಮ ಪತ್ರದಲ್ಲಿ ಬಾವಿಬಾಯಿಯ ಬೆಲೆ ಎಂದೇ ಇತ್ತು.

ತೋಟದಮನೆ ಅವರೇ, ತಿಂಗಳ ಕೊನೆಯ ಗಡುವಿಗೆ ಹೆದರಬೇಡಿ. ನಮ್ಮ ಮಾವನವರಿಗೂ ಹಾಗೆಯೇ ಗಡುವು ಕೊಟ್ಟಿದ್ದರು. ಅದನ್ನು ದಾಟಿ ಎರಡು ತಿಂಗಳ ಮೇಲೆ ಸಹಿ ಮಾಡಿದ ಪಕ್ಕದ ಮನೆಯವರಿಗೆ ನಮಗಿಂತ ಹೆಚ್ಚೇ ಸಿಕ್ಕಿತು.

ದಫ್ತರ

ಪಿಟ್ಸ್‌ಬರ್ಗ್‌ನಲ್ಲಿ ಆಸ್ತಿಪತ್ರಗಳ ಪರಿಶೀಲನೆಯೇ ನನ್ನ ಉದ್ಯೋಗ. ಬೆಲೆಯ ಮಾತಿಗಿಂತ ಮೊದಲು ಒಂದು ಪ್ರಶ್ನೆ: ಆ ಅನಿಲ ನಿಮ್ಮದೇ ಎಂದು ನಿಮಗೆ ಹೇಗೆ ಗೊತ್ತು? ಇಲ್ಲಿ ನೆಲದ ಮೇಲ್ಭಾಗವೂ ಕೆಳಗಿನ ಸಂಪತ್ತೂ ಬೇರೆ ಬೇರೆಯವರ ಹೆಸರಿನಲ್ಲಿ ಇರಬಹುದು. ವಾಷಿಂಗ್ಟನ್ ಮತ್ತು ಗ್ರೀನ್ ಕೌಂಟಿಗಳ ಬಹುತೇಕ ಜಮೀನುಗಳ ಕಲ್ಲಿದ್ದಲನ್ನು ನೂರು ವರ್ಷಗಳಿಗೂ ಹಿಂದೆಯೇ ಪ್ರತ್ಯೇಕವಾಗಿ ಮಾರಿಬಿಟ್ಟಿದ್ದಾರೆ. ಕೌಂಟಿ ಕಚೇರಿಯಲ್ಲಿ ನಿಮ್ಮ ಕ್ರಯಪತ್ರದಿಂದ ಹಿಂದಕ್ಕೆ ಹೋಗುತ್ತಾ ಪ್ರತಿಯೊಂದರಲ್ಲೂ ಮಾರಾಟಗಾರರು ಏನನ್ನು ತಮಗೇ ಉಳಿಸಿಕೊಂಡಿದ್ದಾರೆ ಎಂಬ ಭಾಗವನ್ನು ಓದಬೇಕು.

ಖನಿಜಗಳನ್ನು ಉಳಿಸಿಕೊಂಡಿದ್ದೇವೆ ಎಂಬಷ್ಟೇ ಸಾಲು ಕಂಡರೆ ಗಾಬರಿಯಾಗಬೇಡಿ. 1882ರ ಡನ್‌ಹ್ಯಾಮ್ ತೀರ್ಪಿನ ಪ್ರಕಾರ, ಎಣ್ಣೆ ಅಥವಾ ಅನಿಲ ಎಂದು ಹೆಸರಿಸದಿದ್ದರೆ ಖನಿಜ ಎಂಬ ಪದದೊಳಗೆ ಅವು ಬರುವುದಿಲ್ಲ ಎಂದೇ ಈ ರಾಜ್ಯದಲ್ಲಿ ಭಾವಿಸಲಾಗುತ್ತದೆ. ಮಾರ್ಸೆಲಸ್ ಅನಿಲಕ್ಕೂ ಅದೇ ಅನ್ವಯ ಎಂದು 2013ರ ಬಟ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಆದರೆ ಹಳೆಯ ಲೀಸ್ ಒಂದು ಇನ್ನೂ ಜೀವಂತವಾಗಿದ್ದರೆ ತೊಂದರೆ. ಬಾವಿ ಚಿಕ್ಕದೇ ಆಗಿರಲಿ, ಲಾಭ ತರುವಷ್ಟು ಅನಿಲ ಕೊಡುತ್ತಿರುವವರೆಗೆ ಅಂಥ ಲೀಸ್ ಮುಗಿಯುವುದಿಲ್ಲ.

ಇನ್ನೊಂದು ವಿಷಯ. ಕಂಪನಿಯ ಪತ್ರದಲ್ಲಿ ನಿಮ್ಮ ಹಕ್ಕಿಗೆ ನೀವೇ ಖಾತರಿ ಕೊಡುವ ಷರತ್ತು ಇರುತ್ತದೆ; ನಾಳೆ ಹಕ್ಕಿನಲ್ಲಿ ಲೋಪ ಕಂಡರೆ ನೀವೇ ಹೊಣೆ. ಅದನ್ನು ತೆಗೆಸಿಹಾಕಿ. ದಾಖಲೆಗಳನ್ನು ಹುಡುಕಲು ಅವರ ಬಳಿ ಜನರಿದ್ದಾರೆ. ಬೋನಸ್ ಹಣ ಕೈಸೇರುವ ಮೊದಲು ಲೀಸ್ ನೋಂದಣಿಯಾಗಕೂಡದು ಎಂಬುದನ್ನೂ ಬರೆಸಿ. ಪತ್ರಕ್ಕೆ ಸಹಿ ಬಿದ್ದು, ಹಣ ಮಾತ್ರ ಪರಿಶೀಲನೆಯ ಹೆಸರಿನಲ್ಲಿ ತಿಂಗಳುಗಟ್ಟಲೆ ನಿಂತದ್ದನ್ನು ಹಲವು ಕಡತಗಳಲ್ಲಿ ನೋಡಿದ್ದೇನೆ.

ತೋಟದಮನೆ

ನಿಮಗೆಲ್ಲರಿಗೂ ತುಂಬು ಹೃದಯದ ಕೃತಜ್ಞತೆಗಳು. ನಿನ್ನೆ ಇಡೀ ದಿನ ಕೌಂಟಿ ಕಚೇರಿಯಲ್ಲಿ ಕುಳಿತಿದ್ದೆ. 1911ರ ಒಂದು ಕೈಬರಹದ ಪತ್ರದಲ್ಲಿ ನಮ್ಮ ಜಮೀನಿನ ಕಲ್ಲಿದ್ದಲನ್ನು ಮಾರಿದ್ದಾರೆ. ಎಣ್ಣೆ, ಅನಿಲಗಳ ಪ್ರಸ್ತಾಪ ಅದರಲ್ಲಿ ಇಲ್ಲ. ಹಳೆಯ ಲೀಸ್‌ಗಳ ಸೂಚಿಯನ್ನೂ ನೋಡಿಸಿದೆ, ಜೀವಂತವಾದದ್ದು ಯಾವುದೂ ಸಿಗಲಿಲ್ಲ. ರಾಯಲ್ಟಿಯ ಷರತ್ತು ಏಳನೇ ಪುಟದಲ್ಲಿದೆ, ನೀವು ಎಚ್ಚರಿಸಿದಂತೆ ಬಾವಿಬಾಯಿಯ ಬೆಲೆ ಎಂದೇ ಇದೆ. ಮೂರು ಸಲ ಓದಿದ್ದ ಪುಟ ಅದು. ನಿಮ್ಮ ಮಾತಿಲ್ಲದಿದ್ದರೆ ನಾಲ್ಕನೆಯ ಸಲವೂ ನನಗೆ ಕಾಣುತ್ತಿರಲಿಲ್ಲ. ಈಗ ನೀರಿನ ವಿಷಯ ಹೇಳಿ.

ಹಳ್ಳಕೊಳ್ಳ

ನಾನು ಸಸ್ಕ್ವೆಹಾನಾ ಕೌಂಟಿಯ ಸುತ್ತಮುತ್ತ ಕುಡಿಯುವ ನೀರಿನ ಮಾದರಿಗಳನ್ನು ಸಂಗ್ರಹಿಸುವ ಕೆಲಸ ಮಾಡುತ್ತೇನೆ. ಅಲ್ಲಿನ ಡಿಮೊಕ್ ಊರಿನಲ್ಲಿ 2009ರ ಜನವರಿ 1ರಂದು ಒಂದು ಮನೆಯ ನೀರಿನ ಬಾವಿ ಸ್ಫೋಟಿಸಿ ಅದರ ಮೇಲಿನ ಕಾಂಕ್ರೀಟ್ ಮುಚ್ಚಳ ಒಡೆದುಹೋಯಿತು. ನೀರಿನೊಳಗೆ ಮೀಥೇನ್ ಸೇರಿತ್ತು. ಆ ಪ್ರಕರಣದಲ್ಲಿ ಕಂಪನಿಯ ವಿರುದ್ಧದ ಕ್ರಿಮಿನಲ್ ಮೊಕದ್ದಮೆ ಮುಗಿದದ್ದು 2022ರಲ್ಲಿ. ಅಷ್ಟು ವರ್ಷವೂ ವಾದ ಸುತ್ತಿದ್ದು ಒಂದೇ ಪ್ರಶ್ನೆಯ ಸುತ್ತ: ಆ ಮೀಥೇನ್ ಮೊದಲೇ ಇತ್ತೇ, ಕೊರೆದ ಮೇಲೆ ಬಂತೇ? ಈ ಭಾಗದ ಕೆಲವು ಬಾವಿಗಳ ನೀರಿನಲ್ಲಿ ಸಹಜವಾಗಿಯೇ ಮೀಥೇನ್ ಇರುವುದರಿಂದ ಪ್ರಶ್ನೆ ಸುಲಭದ್ದೂ ಅಲ್ಲ.

ಆದ್ದರಿಂದ ಕೊರೆಯುವುದಕ್ಕೆ ಮೊದಲು ನಿಮ್ಮ ಒರತೆಯ ನೀರು ಹೇಗಿತ್ತು ಎಂಬುದಕ್ಕೆ ದಾಖಲೆ ಬೇಕು. ಮೀಥೇನ್, ಈಥೇನ್, ಕ್ಲೋರೈಡ್, ಬ್ರೋಮೈಡ್, ಬೇರಿಯಂ, ಸ್ಟ್ರಾನ್ಷಿಯಂ, ಒಟ್ಟು ಕರಗಿದ ಲವಣಾಂಶ, ಇಷ್ಟನ್ನಾದರೂ ರಾಜ್ಯದ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ನೀವೇ ಬಾಟಲಿಯಲ್ಲಿ ತುಂಬಿಕೊಂಡು ಹೋದರೆ ಆ ವರದಿ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಮಾದರಿ ತೆಗೆದವರು, ಮುದ್ರೆ ಹಾಕಿದವರು, ಪ್ರಯೋಗಾಲಯದಲ್ಲಿ ಪಡೆದವರು ಎಲ್ಲರ ಸಹಿಯೂ ಒಂದೇ ಹಾಳೆಯ ಮೇಲೆ ಇರಬೇಕು. ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಹಿಮ ಕರಗಿದ ಮೇಲೆ ಮಾಡಿಸಿದರೆ ಇನ್ನೂ ಒಳ್ಳೆಯದು; ಒರತೆಯ ನೀರು ಋತುವಿನೊಡನೆ ಬದಲಾಗುತ್ತದೆ.

2012ರ 13ನೇ ಕಾಯ್ದೆಯಲ್ಲಿ ನಿಮಗೆ ಅನುಕೂಲವಾದ ಒಂದು ಅಂಶವಿದೆ. ಶೇಲ್ ಬಾವಿಯಿಂದ 2,500 ಅಡಿಯೊಳಗಿನ ನೀರಿನ ಮೂಲ, ಕೊರೆತ ಅಥವಾ ಫ್ರ್ಯಾಕಿಂಗ್ (ಹೆಚ್ಚಿನ ಒತ್ತಡದಲ್ಲಿ ನೀರು ನುಗ್ಗಿಸಿ ಕಲ್ಲನ್ನು ಸೀಳುವುದು) ಮುಗಿದ 12 ತಿಂಗಳೊಳಗೆ ಕೆಟ್ಟರೆ, ಕಂಪನಿಯೇ ಹೊಣೆ ಎಂದು ಮೊದಲಿಗೆ ಭಾವಿಸಲಾಗುತ್ತದೆ. ಹಾಗಲ್ಲ ಎಂದು ಸಾಬೀತು ಮಾಡುವ ಭಾರ ಅವರದು. ಆದರೆ ಮುಂಚಿತ ಪರೀಕ್ಷೆಗೆ ಕಂಪನಿಯವರು ಬಂದಾಗ ನೀವು ಗೇಟು ತೆಗೆಯದಿದ್ದರೆ ಆ ರಕ್ಷಣೆಯನ್ನು ಕಳೆದುಕೊಳ್ಳುತ್ತೀರಿ. ಅವರನ್ನು ಒಳಗೆ ಬಿಡಿ, ನಿಮ್ಮದೇ ಪರೀಕ್ಷೆಯನ್ನೂ ಮಾಡಿಸಿ. ಕಾಯ್ದೆಯ ದೂರಕ್ಕೂ ಅವಧಿಗೂ ಲೀಸ್‌ನಲ್ಲಿ ಇನ್ನಷ್ಟು ಸೇರಿಸಿಕೊಳ್ಳಲು ಅಡ್ಡಿಯಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ನೆಲದ ಮೇಲ್ಮೈಯನ್ನು ಕೊಡುವುದೇ ಇಲ್ಲ. ಬಾವಿ ಒಂದು ಮೈಲಿಗೂ ಆಳಕ್ಕೆ ಇಳಿದು, ಅಲ್ಲಿಂದ ಅಡ್ಡಲಾಗಿ ಒಂದೆರಡು ಮೈಲಿ ಸಾಗುತ್ತದೆ. ಹಾಗಾಗಿ ಕಂಪನಿಗೆ ನಿಮ್ಮ ಅನಿಲ ಬೇಕಾದರೂ ನಿಮ್ಮ ಹುಲ್ಲುಗಾವಲು ಬೇಕೆಂದೇನಿಲ್ಲ. ಮೇಲ್ಮೈ ಬಳಕೆಯಿಲ್ಲದ ಲೀಸ್ ಎಂದೇ ಕೇಳಿ. ಒಂದು ಬಾವಿಯ ಫ್ರ್ಯಾಕಿಂಗ್‌ಗೆ ಹಲವು ಮಿಲಿಯನ್ ಗ್ಯಾಲನ್ ನೀರು ಬೇಕು. ಅಷ್ಟು ನೀರಿನ ಲಾರಿಗಳು ನಿಮ್ಮ ದಾರಿಯಲ್ಲಿ ಓಡಾಡುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ.

ಪಾವಗಡದ ರೈತ

ಅಮೆರಿಕದ ಕಾನೂನು ನನಗೆ ತಿಳಿಯದು. ಆದರೆ ನಮ್ಮ ಕಡೆಯ ಐದು ಊರುಗಳವರು ಸೌರ ವಿದ್ಯುತ್ ಪಾರ್ಕಿಗೆ ಸುಮಾರು 13,000 ಎಕರೆ ಲೀಸ್ ಕೊಟ್ಟವರು, ಅದರಲ್ಲಿ ನಮ್ಮ ಆರು ಎಕರೆಯೂ ಸೇರಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ ಎಂದು ಒಪ್ಪಂದ. ಮಳೆ ಬಂದರೂ ಬಾರದಿದ್ದರೂ ಹಣ ಬರುತ್ತದೆ, ಕಡಿತ ಎಂಬ ಮಾತಿಲ್ಲ. ಬರದ ಸೀಮೆಯಲ್ಲಿ ಶೇಂಗಾ ಬೆಳೆದು ಸೋತವರಿಗೆ ಅದೇನೂ ಸಣ್ಣದಲ್ಲ. ಆದರೆ ಎಷ್ಟು ಕರೆಂಟ್ ಮಾರಿದರೂ ಅದರಲ್ಲಿ ನಮಗೆ ಪಾಲಿಲ್ಲ, ಮತ್ತು ನಮ್ಮ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೆಲಸವೂ ಇಲ್ಲ. ನಿಮ್ಮಲ್ಲಿ ನಿಶ್ಚಿತ ಬಾಡಿಗೆಯ ಪದ್ಧತಿ ಇಲ್ಲವೇ?

ಹ್ಯೂಸ್ಟನ್ ಕನ್ನಡಿಗ

ಪಾವಗಡದ ಅಣ್ಣನವರೇ, ಇಲ್ಲಿಯೂ ಬಾವಿ ಕೊರೆಯುವ ತನಕ ಎಕರೆಗಿಷ್ಟು ಎಂಬ ಸಣ್ಣ ಬಾಡಿಗೆ ಉಂಟು. ಅನಿಲ ಬಂದ ಮೇಲೆ ಪಾಲಿನ ಲೆಕ್ಕ. ದೊಡ್ಡ ವ್ಯತ್ಯಾಸ ಒಡೆತನದ್ದು. ಭಾರತದಲ್ಲಿ, ಸಮುದ್ರದಲ್ಲಲ್ಲದೆ ನೆಲದಡಿ ಸಿಗುವ ತೈಲ, ಅನಿಲದ ಲೀಸನ್ನು ಕೊಡುವುದು ಸರ್ಕಾರ, ರಾಯಧನ ಸೇರುವುದೂ ರಾಜ್ಯ ಸರ್ಕಾರಕ್ಕೆ. ರೈತನಿಗೆ ಸಿಗುವುದು ಮೇಲ್ಮೈ ಬಳಕೆಯ ಪರಿಹಾರ ಮಾತ್ರ. ಇಲ್ಲಿ ಅನಿಲ ಮಾಲೀಕನದೇ ಆದ್ದರಿಂದ ಚೌಕಾಸಿಯ ಹೊರೆಯೂ ಅವನದೇ.

ಲೆಕ್ಕಿಗ

ತೆರಿಗೆಯ ಬಗ್ಗೆ ಚಿಕ್ಕದಾಗಿ. ಬೋನಸ್ ಪೂರ್ತಿ ಆ ವರ್ಷದ ಸಾಮಾನ್ಯ ಆದಾಯ. ರಾಯಲ್ಟಿಯಲ್ಲಿ ಶೇಕಡಾ 15ರಷ್ಟನ್ನು ಸವಕಳಿ (ನೆಲದಡಿಯ ಅನಿಲ ಬರಿದಾಗುವುದಕ್ಕೆ ಕೊಡುವ ವಿನಾಯಿತಿ) ಎಂದು ಫೆಡರಲ್ ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು. ರಾಜ್ಯದ ತೆರಿಗೆ ಶೇಕಡಾ 3.07. ನಿಮ್ಮ ಜಮೀನು ಕೃಷಿಭೂಮಿಯ ರಿಯಾಯಿತಿ ಕಂದಾಯದಲ್ಲಿದ್ದರೆ, ಪ್ಯಾಡ್ (ಬಾವಿ ಕೊರೆಯಲು ಸಮತಟ್ಟು ಮಾಡಿದ ಅಂಗಳ) ಬಂದಷ್ಟು ಭಾಗಕ್ಕೆ ಹಿಂದಿನ ವರ್ಷಗಳ ವ್ಯತ್ಯಾಸವನ್ನು ತುಂಬಬೇಕಾಗುತ್ತದೆ. ಅದನ್ನು ಕಂಪನಿಯೇ ಭರಿಸಬೇಕು ಎಂದು ಬರೆಸಿ.

ಹಟ್ಟಿ

ಇನ್ನೊಂದನ್ನು ಹೇಳದೆ ಇರಲಾರೆ. ಒಬ್ಬರೇ ಕುಳಿತು ಮಾತನಾಡಬೇಡಿ. ನಮ್ಮಲ್ಲಿ ಪ್ರತಿ ಮನೆಗೂ ಬೇರೆ ಬೇರೆ ಹೊತ್ತಿನಲ್ಲಿ ಬಂದು, ಪಕ್ಕದವರು ಆಗಲೇ ಒಪ್ಪಿದ್ದಾರೆ ಎಂದು ಹೇಳಿದರು. ಒಪ್ಪಿರಲಿಲ್ಲ. ನಿಮ್ಮ ಗುಡ್ಡದ ಅಕ್ಕಪಕ್ಕದವರೆಲ್ಲ ಸೇರಿದರೆ ಎಷ್ಟು ಎಕರೆ ಆಗುತ್ತದೆ?

ಒಟ್ಟಾಗಿ ನಿಂತದ್ದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ವೇಯ್ನ್ ಕೌಂಟಿಯದು. ಅಲ್ಲಿನ ಮಾಲೀಕರು ಸಂಘ ಕಟ್ಟಿಕೊಂಡು ಒಳ್ಳೆಯ ಷರತ್ತುಗಳ ಲೀಸ್ ಪಡೆದಿದ್ದರು. ಆದರೆ ಆ ನದಿಯ ಜಲಾನಯನವನ್ನು ನೋಡಿಕೊಳ್ಳುವ ಡೆಲವೇರ್ ನದಿ ಆಯೋಗ ತಡೆ ಹಾಕಿದ್ದರಿಂದ ಕಂಪನಿಗಳು 2013ರಲ್ಲಿ ಆ ಲೀಸ್‌ಗಳನ್ನು ಬಿಟ್ಟುಹೋದವು. 2021ರಲ್ಲಿ ಆಯೋಗ ಆ ಜಲಾನಯನದಲ್ಲಿ ಫ್ರ್ಯಾಕಿಂಗನ್ನು ಪೂರ್ತಿಯಾಗಿ ನಿಷೇಧಿಸಿತು. ಅದು ಬೇರೆ ಕಾರಣ. ಸಂಘ ಪಡೆದ ಷರತ್ತುಗಳು ಚೆನ್ನಾಗಿಯೇ ಇದ್ದವು ಎಂದು ನಾನು ನಂಬುತ್ತೇನೆ.

ದಫ್ತರ

ಹಟ್ಟಿ ಮೇಡಂ ಹೇಳಿದ್ದು ಸರಿ, ಆದರೆ ಹಟದ ಮಿತಿಯನ್ನೂ ತಿಳಿದಿರಬೇಕು. ಈ ರಾಜ್ಯದಲ್ಲಿ ಮಾರ್ಸೆಲಸ್ ಪದರಕ್ಕೆ ಒಪ್ಪದವರನ್ನು ಬಲವಂತವಾಗಿ ಯೂನಿಟ್‌ಗೆ ಸೇರಿಸುವಂತಿಲ್ಲ. ನೀವು ಬೇಡವೆಂದರೆ ಅವರು ಯೂನಿಟ್‌ನ ಗೆರೆಯನ್ನು ನಿಮ್ಮ ಜಮೀನಿನ ಬದಿಯಿಂದ ಎಳೆಯುತ್ತಾರೆ. 2020ರ ಬ್ರಿಗ್ಸ್ ತೀರ್ಪಿನ ಪ್ರಕಾರ, ನಿಮ್ಮ ಗಡಿ ದಾಟದೆ ಪಕ್ಕದಲ್ಲೇ ಫ್ರ್ಯಾಕಿಂಗ್ ಮಾಡಿದಾಗ ನಿಮ್ಮ ಕಡೆಯ ಅನಿಲ ಹರಿದುಹೋದರೆ, ಅಷ್ಟರಿಂದಲೇ ಅದು ಅತಿಕ್ರಮಣ ಆಗುವುದಿಲ್ಲ. ಹಾಗಾಗಿ ನಾಲ್ಕೈದು ಮುಖ್ಯ ಷರತ್ತುಗಳಲ್ಲಿ ಗಟ್ಟಿಯಾಗಿ ನಿಂತು, ಬೋನಸ್‌ನಲ್ಲಿ ಸ್ವಲ್ಪ ಬಿಟ್ಟುಕೊಡುವುದು ಜಾಣತನ.

ಆ ಮುಖ್ಯವಾದವುಗಳಲ್ಲಿ ಪ್ಯೂ ಷರತ್ತು ಇರಲೇಬೇಕು. ನಿಮ್ಮ 40ರಲ್ಲಿ 5 ಎಕರೆ ಮಾತ್ರ ಯೂನಿಟ್‌ಗೆ ಸೇರಿದರೆ, ಆ ಷರತ್ತು ಇಲ್ಲದಿದ್ದಲ್ಲಿ, ಆ 5 ಎಕರೆಯ ಅನಿಲ ಹರಿಯುವವರೆಗೆ ಉಳಿದ 35 ಎಕರೆಯೂ ಕಂಪನಿಯ ಕೈಯಲ್ಲೇ ಇರುತ್ತದೆ. ಹತ್ತು ವರ್ಷವೋ, ಮೂವತ್ತು ವರ್ಷವೋ ಹೇಳಲಾಗದು. ಆಳಕ್ಕೂ ಅದನ್ನೇ ಅನ್ವಯಿಸಿ: ಮಾರ್ಸೆಲಸ್‌ನಿಂದ ತೆಗೆದರೆ ಕೆಳಗಿನ ಯೂಟಿಕಾ ಪದರ ನಿಮಗೆ ಮರಳಬೇಕು.

ತೋಟದಮನೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಗುಡ್ಡದ ಒಂಬತ್ತು ಮನೆಯವರನ್ನು ಒಂದು ಸಂಜೆ ಮನೆಗೆ ಕರೆದೆವು. ಎಲ್ಲರ ಪತ್ರಗಳನ್ನೂ ಊಟದ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ, ಮುದ್ರಿತ ಪುಟಗಳು ಒಂದೇ ಆಗಿದ್ದರೂ ಬೋನಸ್ ನಾಲ್ಕು ಬಗೆಯಲ್ಲಿತ್ತು. ಎಂಬತ್ತು ದಾಟಿದ ಒಬ್ಬ ಅಜ್ಜಿಗೆ ಎಲ್ಲರಿಗಿಂತ ಕಡಿಮೆ ಬರೆದಿದ್ದರು. ಆ ರಾತ್ರಿಯೇ 410 ಎಕರೆಯವರೂ ಒಬ್ಬರೇ ವಕೀಲರನ್ನು ಹಿಡಿಯುವುದೆಂದು ತೀರ್ಮಾನವಾಯಿತು.

ತಿಂಗಳ ಕೊನೆ ದಾಟಿತು, ಕಂಪನಿಯವರು ಬಿಟ್ಟುಹೋಗಲಿಲ್ಲ. ಎರಡನೇ ಕರಡಿನಲ್ಲಿ ಮೇಲ್ಮೈ ಬಳಕೆಯಿಲ್ಲ ಎಂದು ಒಪ್ಪಿದ್ದಾರೆ, ಪ್ಯೂ ಷರತ್ತು ಬಂದಿದೆ, ಖಾತರಿ ಷರತ್ತು ಹೋಗಿದೆ. ರಾಯಲ್ಟಿ ಶೇಕಡಾ 16, ಕಡಿತವಿಲ್ಲ ಎಂದಿದ್ದಾರೆ. ಆದರೆ ಅದರ ಕೆಳಗೇ, ಮಾರಾಟಕ್ಕೆ ಸಿದ್ಧವಾದ ಅನಿಲದ ಮೌಲ್ಯವನ್ನು ಹೆಚ್ಚಿಸಲು ಆದ ಖರ್ಚನ್ನು ಮಾತ್ರ ಕಳೆಯಬಹುದು ಎಂಬ ಹೊಸ ಸಾಲೊಂದು ಸೇರಿದೆ. ಇದು ಮುಂಬಾಗಿಲಲ್ಲಿ ಹೋದದ್ದು ಹಿತ್ತಿಲಿನಿಂದ ಬಂದಂತೆಯೇ?

ಹ್ಯೂಸ್ಟನ್ ಕನ್ನಡಿಗ

ಹೌದು, ಅದೇ. ಅನಿಲ ಯಾವ ಹಂತದಲ್ಲಿ ಮಾರಾಟಕ್ಕೆ ಸಿದ್ಧ ಎಂದು ತೀರ್ಮಾನಿಸುವವರೂ ಅವರೇ ಆದಾಗ, ಆ ಸಾಲಿನೊಳಗೆ ಎಲ್ಲ ಖರ್ಚೂ ಹಿಡಿಸುತ್ತದೆ. ಸಾಲನ್ನು ಪೂರ್ತಿ ತೆಗೆಸಿ. ತೆಗೆಯುವುದಿಲ್ಲ ಎಂದರೆ, ಹಾಗೆ ಕಳೆದ ಮೇಲೆ ಬರುವ ಮೊತ್ತ ಕಳೆಯದೆ ಬರುತ್ತಿದ್ದ ಮೊತ್ತಕ್ಕಿಂತ ಎಂದಿಗೂ ಕಡಿಮೆಯಾಗಬಾರದು ಎಂದಾದರೂ ಸೇರಿಸಿ. ಕಂಪನಿ ತನ್ನದೇ ಅಂಗಸಂಸ್ಥೆಗೆ ಅಗ್ಗದಲ್ಲಿ ಮಾರಿದರೆ ಆ ಬೆಲೆಯನ್ನು ಆಧಾರವಾಗಿ ಹಿಡಿಯುವಂತಿಲ್ಲ ಎಂಬುದೂ ಬೇಕು. ನಿಮ್ಮ ಕೌಂಟಿಯ ಹಲವು ಕಡೆ ಅನಿಲದ ಜೊತೆ ಈಥೇನ್, ಪ್ರೊಪೇನ್‌ಗಳೂ ಬರುತ್ತವೆ. ಅವುಗಳ ಮಾರಾಟದಲ್ಲೂ ರಾಯಲ್ಟಿ ಎಂದು ಹೆಸರಿಸಿಯೇ ಬರೆಸಿ. ಲೆಕ್ಕಪತ್ರ ಪರಿಶೀಲಿಸುವ ಹಕ್ಕನ್ನು ವಕೀಲರು ಸೇರಿಸಿದ್ದಾರೆಯೇ?

ತೋಟದಮನೆ

ಸೇರಿಸಿದ್ದಾರೆ. ಈಥೇನ್ ವಿಷಯ ಇರಲಿಲ್ಲ. ಈಗಲೇ ಅವರಿಗೆ ಬರೆದು ಕಳಿಸಿದೆ. ಆ ಹೊಸ ಸಾಲು ಹೋಗುವವರೆಗೆ ಒಂಬತ್ತು ಮನೆಯವರಲ್ಲಿ ಯಾರೂ ಸಹಿ ಮಾಡುವುದಿಲ್ಲ ಎಂದು ಮಾತಾಗಿದೆ. ಒರತೆಯ ಮೊದಲ ಮಾದರಿಯನ್ನು ಶನಿವಾರ ಬೆಳಗ್ಗೆ ತೆಗೆಯುತ್ತಾರೆ. ನನ್ನ ಪತ್ನಿ ಒರತೆಯ ಸುತ್ತಲಿನ ಹುಲ್ಲನ್ನು ನಿನ್ನೆಯೇ ಕೊಯ್ದು ದಾರಿ ಮಾಡಿಟ್ಟಿದ್ದಾಳೆ. ಹಿಮ ಕರಗಿದ ಮೇಲೆ ಎರಡನೆಯ ಮಾದರಿ. ಮೂರನೇ ಕರಡು ಬಂದ ದಿನ ಏಳನೇ ಪುಟವನ್ನು ಇಲ್ಲಿಯೇ ಬರೆದು ಹಾಕುತ್ತೇನೆ, ದಯವಿಟ್ಟು ಮತ್ತೊಮ್ಮೆ ನೋಡಿ.